ಫೋಟೋದಲ್ಲಿ ಇದ್ದವರಿಗೆ ಹೆಸರಿರಲಿಲ್ಲ

ಹೋದ ತಿಂಗಳು ಗೆಳೆಯನ ಅಪ್ಪನನ್ನು ಕೋಲಾರದ ಚಿನ್ನದ ಗಣಿ ಕೆಜಿಎಫ್‌ನ ಹಳೇ ಫೋಟೋಗಳ ಪ್ರದರ್ಶನವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಚಾಂಪಿಯನ್ ರೀಫ್‌ನಲ್ಲಿ ಮೂವತ್ತು ವರ್ಷ ಗಣಿಗೆ ಇಳಿದವರು. ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ಕೂತರು. ಆ ಬಂಡೆಯ ಧೂಳು ಇನ್ನೂ ಅವರ ಎದೆಯಲ್ಲೇ ಇದೆ.

ಗೋಡೆ ತುಂಬಾ ಬಂಗಲೆ, ಕ್ಲಬ್ಬು, ಕುದುರೆ. ಒಬ್ಬೊಬ್ಬ ದೊರೆಗೂ ಹೆಸರು, ಹುದ್ದೆ. ಗಣಿಯೊಳಗೆ ಇಳಿಸುವ ಕೇಜಿನ ಮುಂದೆ ಸಾಲಾಗಿ ನಿಂತವರ ಫೋಟೋ ಕೆಳಗೆ ಮಾತ್ರ ಇಂಗ್ಲಿಷಿನಲ್ಲಿ 'ಕೂಲಿಗಳು' ಅಂತಷ್ಟೇ ಇತ್ತು.

"ಏನಂತ ಬರೆದಿದಾರಪ್ಪಾ?" ಅಂದರು. ಓದಿ ಹೇಳೋಕೆ ನನಗೆ ನಾಲಿಗೆ ಏಳಲಿಲ್ಲ.

ಆ ಸಾಲಿನಲ್ಲಿದ್ದವರು ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. 3 ಕಿಲೋಮೀಟರಿಗೂ ಆಳದಲ್ಲಿ, 60 ಡಿಗ್ರಿ ದಾಟಿ ಕಾದ ಬಂಡೆಯ ನಡುವೆ ದುಡಿದವರು. ಬಂಡೆ ಸಿಡಿದು ಸತ್ತವರೆಷ್ಟೋ ಜನ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು ಅಂತ ನಾವೆಲ್ಲ ಶಾಲೆಯಲ್ಲಿ ಹೆಮ್ಮೆಯಿಂದ ಬಾಯಿಪಾಠ ಮಾಡಿದ್ದೇವೆ. ಬೆರಳಚ್ಚು ಕೊಡೋಕೆ ನಾವೇನು ಕಳ್ಳರಾ ಅಂತ ಇದೇ ಕಾರ್ಮಿಕರು 1930ರಲ್ಲಿ ಮುಷ್ಕರ ಹೂಡಿದ್ದನ್ನು ಮಾತ್ರ ಯಾವ ಮೇಷ್ಟ್ರೂ ನನಗೆ ಹೇಳಿಕೊಡಲಿಲ್ಲ. ನನಗೆ ಅದು ಕರೆಂಟಿಗಿಂತ ದೊಡ್ಡ ಸುದ್ದಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಕೆಜಿಎಫ್‌ ಅನ್ನು ಪ್ರವಾಸಿ ತಾಣ ಮಾಡಬೇಕು ಅನ್ನೋ ಮಾತು ಆಗಾಗ ಕೇಳಿಬರುತ್ತೆ. ಮಾಡಲಿ, ಸಂತೋಷ. ಆದರೆ ಬಂಗಲೆಗೆ ಸುಣ್ಣ ಬಳಿಯುವ ಮೊದಲು ಕಾರ್ಮಿಕರು ಬದುಕಿದ ಒಂದು ಲೈನ್ ಮನೆಯನ್ನಾದರೂ ಇದ್ದಹಾಗೇ ಉಳಿಸಿ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೋರ್ಡು ಬರೆಸಿ. ಕೆಳಗಿಳಿದು ಬಂದವರನ್ನೇ ಗೈಡ್ ಮಾಡಿ, ಕೈತುಂಬ ಸಂಬಳ ಕೊಡಿ. ಮೆಟ್ಟಿಲ ಪಕ್ಕ ಒಂದು ಇಳಿಜಾರು, ಕೂರೋಕೆ ನಾಲ್ಕು ಬೆಂಚು. ಯಾರ ಚರಿತ್ರೆಯೋ ಅವರೇ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಲ್ಲಬಾರದು. ಇದೆಲ್ಲ ಬೇಗ ಆಗಬೇಕು. ಆ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ.

ಕೊನೆಗೆ ಅಂಕಲ್ಲೇ ಫೋಟೋ ಹತ್ತಿರ ಹೋದರು. ತಲೆಗೆ ದೀಪ ಹೇಗೆ ಕಟ್ಟುತ್ತಿದ್ದರು, ಕೇಜು ಇಳಿಯುವಾಗ ಕಿವಿ ಹೇಗೆ ಗುಯ್‌ಗುಡುತ್ತಿತ್ತು ಅಂತ ಹೇಳತೊಡಗಿದರು. ಯಾರೋ ಕಾಲೇಜು ಹುಡುಗಿಯರು ನಿಂತರು, ಇನ್ನೂ ನಾಲ್ಕು ಜನ ಸೇರಿದರು. ಕಾವಲುಗಾರ ತನ್ನ ಕುರ್ಚಿ ತಂದು ಅವರಿಗೆ ಕೊಟ್ಟ. ಅವರು ಕೂತು, ತಮ್ಮ ಪಾಳಿಯವರ ಹೆಸರು ಬೆರಳು ಮಡಿಸುತ್ತಾ ಹೇಳಿದರು. ಹದಿನೇಳು ಹೆಸರು. ನನ್ನ ಮೊಬೈಲಿನಲ್ಲಿದೆ.