ಕಾಯುವುದೂ ಒಂದು ನಿರ್ಧಾರವೇ

ಗರ್ಭಿಣಿಯರು ಯಾವ ಲಸಿಕೆಯನ್ನಾದರೂ ಹೆರಿಗೆಯ ನಂತರವೇ ಪಡೆಯುವುದು ಕ್ಷೇಮ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಅಭಿಪ್ರಾಯವನ್ನು ನಾನು ಒಪ್ಪಲಾರೆ. 2021ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಗರ್ಭಿಣಿಯರಿಗೂ ಕೋವಿಡ್ ಲಸಿಕೆ ನೀಡಲು ಅನುಮತಿಸಿದಾಗ ನನಗೆ ಆರು ತಿಂಗಳು ತುಂಬಿತ್ತು. ಜಯನಗರದ ನಮ್ಮ ಮನೆಯಲ್ಲಿ ಹಿರಿಯರು ಬೇಡವೆಂದರು, ವೈದ್ಯರು ಬೇಕೆಂದರು, ನಾನು ಎರಡು ವಾರ ನಿದ್ದೆಗೆಟ್ಟು ಯೋಚಿಸಿ ಕೊನೆಗೆ ಹಾಕಿಸಿಕೊಂಡೆ. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಗರ್ಭಿಣಿಯರಿಗೆ ಲಸಿಕೆ ಹೊಸದೇನಲ್ಲ. ನಮ್ಮ ತಾಯಂದಿರೂ ಧನುರ್ವಾಯುವಿನ ಚುಚ್ಚುಮದ್ದು ಪಡೆದವರೇ. ಅದರ ಜೊತೆಗೆ ಸ್ವಚ್ಛ ಹೆರಿಗೆಯ ವ್ಯವಸ್ಥೆಯೂ ಹರಡಿದ್ದರಿಂದಲೇ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿಕೊಂಡಿತು. ಈಗ ಆ ಚುಚ್ಚುಮದ್ದಿನ ಸ್ಥಾನದಲ್ಲಿ ಧನುರ್ವಾಯುವಿನ ಜೊತೆಗೆ ಗಂಟಲಮಾರಿಯಿಂದಲೂ ಕಾಪಾಡುವ ಟಿಡಿ ಲಸಿಕೆ ಇದೆ.

ನಾಯಿಕೆಮ್ಮಿನ ವಿಷಯ ಇನ್ನೂ ಸೂಕ್ಷ್ಮ. ಶಿಶುವಿಗೆ ಅದರ ಮೊದಲ ಲಸಿಕೆ ಸಿಗುವುದು 6 ವಾರಗಳಾದ ಮೇಲೆ. ಅಲ್ಲಿಯವರೆಗೆ ಅದಕ್ಕಿರುವ ರಕ್ಷಣೆಯೆಂದರೆ ತಾಯಿಯಿಂದ ಮಾಸಿನ ಮೂಲಕ ಹರಿದುಬಂದ, ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಮಾತ್ರ. ಹೀಗಾಗಿಯೇ ಗರ್ಭಾವಸ್ಥೆಯ 27ರಿಂದ 36ನೇ ವಾರದ ನಡುವೆ, ಧನುರ್ವಾಯು ಮತ್ತು ಗಂಟಲಮಾರಿಯ ಜೊತೆಗೆ ನಾಯಿಕೆಮ್ಮಿನಿಂದಲೂ ಕಾಪಾಡುವ ಟಿಡ್ಯಾಪ್ ಲಸಿಕೆ ಪಡೆಯಲು ತಜ್ಞರು ಸೂಚಿಸುತ್ತಾರೆ, ಮತ್ತು ಹೆರಿಗೆಯ ನಂತರ ಪಡೆದರೆ ಮಗುವಿಗೆ ಈ ಪಾಲು ಗರ್ಭದಲ್ಲಿಯೇ ದೊರೆಯುವ ಅವಕಾಶ ತಪ್ಪುತ್ತದೆ. ಲೇಖಕರ ಎಚ್ಚರಿಕೆ ಸರಿಹೊಂದುವುದು ರುಬೆಲ್ಲಾ, ಸೀತಾಳೆ ಸಿಡುಬಿನಂತಹ, ದುರ್ಬಲಗೊಳಿಸಿದ ಜೀವಂತ ವೈರಾಣುಗಳಿರುವ ಸಜೀವ ಲಸಿಕೆಗಳಿಗೆ. ಅವನ್ನು ಗರ್ಭ ಧರಿಸುವ ಕನಿಷ್ಠ ಒಂದು ತಿಂಗಳ ಮೊದಲೇ ಮುಗಿಸಿಕೊಳ್ಳಬೇಕು.