ಸಂಕ ದಾಟದ ಬೂಟು

ಬೆಂಗಳೂರಿನ ಬೂಟಿನಂಗಡಿಗಳಲ್ಲಿ ಈಗೀಗ ಒಂದು ಪುಟ್ಟ ಗುಡ್ಡ ಇಟ್ಟಿರುತ್ತಾರೆ. ಮೂರಡಿ ಎತ್ತರ, ಒಂದು ಮಗ್ಗುಲಿಗೆ ಹಲಗೆ, ಇನ್ನೊಂದಕ್ಕೆ ಸಿಮೆಂಟಿನಲ್ಲಿ ಕೂರಿಸಿದ ಗುಂಡುಕಲ್ಲು. ಟ್ರೆಕ್ಕಿಂಗ್ ಬೂಟು ಕೊಳ್ಳಲು ಬಂದವರು ಅದರ ಮೇಲೆ ಹತ್ತಿ ಇಳಿದು ನೋಡಬೇಕು. ಎ.ಸಿ. ಬೀಸುತ್ತಿರುತ್ತದೆ, ಕಲ್ಲನ್ನು ಬೆಳಿಗ್ಗೆಯೇ ಒರೆಸಿರುತ್ತಾರೆ, ಜಾರಿದರೆ ಹಿಡಿಯಲು ಸೇಲ್ಸ್ ಹುಡುಗ ಪಕ್ಕದಲ್ಲೇ ಇರುತ್ತಾನೆ. ಆ ಗುಡ್ಡದಲ್ಲಿ ಸೋತ ಬೂಟನ್ನು ನಾನಂತೂ ಕಂಡಿಲ್ಲ. ಬರೀ ಕಾಲುಚೀಲದಲ್ಲಿ ಹತ್ತಿದ ನನ್ನ ಮಗಳೂ ಸಲೀಸಾಗಿ ತುದಿ ಮುಟ್ಟಿದಳು. ಆದರೂ ಹೊಸ ಬೂಟು ಕಟ್ಟಿ, ಅದರ ನೆತ್ತಿಯಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಬಿಲ್ಲಿಂಗ್ ಕೌಂಟರಿನ ಕಡೆ ದೃಷ್ಟಿ ಹಾಯಿಸುವಾಗ ನಡುವಯಸ್ಸಿನ ಗಂಡಸಿಗೆ ಒಳಗೆ ಏನೋ ಒಂದು ಆಗುತ್ತದೆ. ಆ ‘ಏನೋ’ದ ಬೆಲೆ ನನ್ನ ಪಾಲಿಗೆ ಒಂಬತ್ತು ಸಾವಿರ ರೂಪಾಯಿ.

ಮಳೆಗಾಲದಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ಬೂಟನ್ನು ಕೈಯಲ್ಲಿ ತೂಗಿ ನೋಡಿ ಬೆಲೆ ಕೇಳಿದರು. ತೀರ್ಥಹಳ್ಳಿ ಕಡೆಯವರಿಗೆ ರೂಪಾಯಿ ಅನ್ನುವುದು ಚಿಲ್ಲರೆ ವ್ಯವಹಾರಕ್ಕೆ ಮಾತ್ರ. ದೊಡ್ಡ ಲೆಕ್ಕವೆಲ್ಲ ಅಡಿಕೆಯಲ್ಲಿ. ಅರೆಗಣ್ಣು ಮುಚ್ಚಿ ಗುಣಿಸಿ, “ಅಂದ್ರೆ ಇಪ್ಪತ್ತು ಕೆಜಿ ರಾಶಿ ಇಡಿ ಕಾಲಿಗೆ ಕಟ್ಕಂಡು ತಿರುಗ್ತಿದೀಯ ಅನ್ನು” ಎಂದರು.

ನಾನು ಸುಮ್ಮನಿರಲಿಲ್ಲ. ಅಟ್ಟೆಯ ಅಡಿಯಲ್ಲಿದ್ದ ಹಳದಿ ಗುರುತನ್ನು ತೋರಿಸಿ ವೈಬ್ರಮ್ ಎಂಬ ಅಟ್ಟೆಯ ಚರಿತ್ರೆ ಶುರುಮಾಡಿದೆ. ಹಿಂದೆಲ್ಲ ಆಲ್ಪ್ಸ್ ಹತ್ತುವವರು ಕೆಳಗೆ ನಡೆಯಲು ಮೊಳೆ ಹೊಡೆದ ಭಾರದ ಬೂಟು, ಬಂಡೆ ಏರಲು ತೆಳ್ಳನೆಯ ಜೋಡು, ಹೀಗೆ ಎರಡೆರಡು ಇಟ್ಟುಕೊಳ್ಳುತ್ತಿದ್ದರು. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿ ಅನ್ನುವವರ ತಂಡ ಬೆಟ್ಟದ ಮೇಲೆ ಬಿರುಗಾಳಿಗೆ ಸಿಕ್ಕಿ, ತೆಳ್ಳನೆಯ ಜೋಡಿನಲ್ಲೇ ಇದ್ದ ಸಂಗಾತಿಗಳು ಆರು ಜನ ಸತ್ತರು. ಎರಡು ಕೆಲಸಕ್ಕೂ ಒಂದೇ ಅಟ್ಟೆ ಆಗಬೇಕೆಂದು ಹಟ ಹಿಡಿದ ಬ್ರಮಾನಿ 1937ರಲ್ಲಿ ದಪ್ಪ ದಪ್ಪ ಗುಬುಟುಗಳಿರುವ ರಬ್ಬರ್ ಅಟ್ಟೆ ಮಾಡಿದರು. 1954ರಲ್ಲಿ ಇಟಲಿಯವರು ಕೆ2 ಶಿಖರವನ್ನು ಮೊದಲ ಸಲ ಏರಿದಾಗ ಕಾಲಡಿ ಇದ್ದದ್ದು ಇದೇ ಅಟ್ಟೆ.

ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. “ಆ ಕೆ2ದಲ್ಲಿ ಹಾವಸೆ ಉಂಟಾ?” ಎಂದರು.

ಹಾವಸೆ ಅಂದರೆ ಮಳೆಗಾಲದ ಪಾಚಿ. ಅಂಗಳದ ಚಪ್ಪಡಿಯಿಂದ ಹಿಡಿದು ಬಾವಿಕಟ್ಟೆಯವರೆಗೆ ಜೂನ್ ಕಳೆಯುವುದರೊಳಗೆ ಎಲ್ಲವೂ ಅದರ ವಶ. ದೊಡ್ಡಪ್ಪನ ತೋಟಕ್ಕೆ ಹೋಗಬೇಕಾದರೆ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ಸಂಕವೆಂದರೆ ಈ ದಡದಿಂದ ಆ ದಡಕ್ಕೆ ಮಲಗಿಸಿದ ಎರಡು ಅಡಿಕೆ ಮರ, ಹಿಡಿಯಲು ಒಂದು ಬಿದಿರ ಗಳ. ಅಂದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಕದಡುವ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು ನಮ್ಮ ಕಡೆ ಎಷ್ಟು ಹೊಂದಿಕೊಂಡಿದೆಯೆಂದರೆ ಹೆಸರು ಹೇಳುವವರೇ ಇಲ್ಲ, ‘ಔಷಧಿ’ ಅಂದರೆ ಸಾಕು. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು, ಬರಿಗಾಲಲ್ಲಿ ಸಂಕ ದಾಟಿ ಹೋದ. ಬಿದಿರ ಗಳವನ್ನು ಮುಟ್ಟಲಿಲ್ಲ. ಅವನ ಹಿಂದೆ ಕೆ2 ಏರಿದ ಅಟ್ಟೆಯೊಂದಿಗೆ ನಾನು.

ಎರಡನೇ ಹೆಜ್ಜೆಗೆ ಎಡಗಾಲು ಕಾಸರಗೋಡಿನ ಕಡೆಗೂ ಬಲಗಾಲು ಕಾರವಾರದ ಕಡೆಗೂ ಹೊರಟವು. ಹಳ್ಳದಲ್ಲಿ ಸೊಂಟದ ಮಟ್ಟ ನೀರಿತ್ತು, ಪೆಟ್ಟೇನೂ ಆಗಲಿಲ್ಲ. ಕೊನೆಗಾರ ಆಚೆ ದಡದಲ್ಲಿ ನಿಂತು, ಎಲೆಯಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡು, “ಬೂಟು ಬಿಚ್ಚಿ ಕೈಯಲ್ಲಿ ಹಿಡ್ಕಂಡು ಬನ್ನಿ ಅಯ್ಯಾ. ಬೂಟಿಗೂ ಒಳ್ಳೇದು, ನಿಮಗೂ ಒಳ್ಳೇದು” ಎಂದ.

ಇದರಲ್ಲಿ ಬೂಟಿನ ತಪ್ಪೇನೂ ಇಲ್ಲ. ಆ ಗುಬುಟುಗಳು ಇರುವುದು ಮಣ್ಣಿಗೆ ಕಚ್ಚಿಕೊಳ್ಳಲು. ದುಂಡಗಿನ, ಲೋಳೆಯಾದ ಮರದ ಮೇಲೆ ಅವುಗಳಲ್ಲಿ ಎರಡೋ ಮೂರೋ ಮಾತ್ರ ತಾಗುತ್ತವೆ, ತಾಗಿದ್ದೂ ಜಾರುತ್ತದೆ. ಬರಿಗಾಲು ಹಾಗಲ್ಲ, ಅದು ಮರದ ದುಂಡಗೆ ತಾನೂ ಬಾಗುತ್ತದೆ, ಬೆರಳು ಅಗಲಿಸಿ ಹಿಡಿಯುತ್ತದೆ. ಬೆಲ್ಜಿಯಂನ ಕೆಲವು ಸಂಶೋಧಕರು ದಕ್ಷಿಣ ಭಾರತಕ್ಕೆ ಬಂದು, ಹುಟ್ಟಿದಾಗಿನಿಂದ ಬರಿಗಾಲಲ್ಲೇ ನಡೆದವರ ಪಾದಗಳನ್ನು ಅಳೆದು, ಅವರ ಪಾದದ ಮುಂಭಾಗ ಅಗಲ ಎಂದು 2009ರಲ್ಲಿ ಬರೆದಿದ್ದಾರೆ. ನಮ್ಮ ಕೊನೆಗಾರನ ಕಾಲು ನೋಡಿದ್ದರೆ ಅಳತೆಪಟ್ಟಿಯೇ ಬೇಕಾಗುತ್ತಿರಲಿಲ್ಲ. ಹೆಬ್ಬೆರಳು ಒಂದು ಪಂಚಾಯ್ತಿಗೆ, ಕಿರುಬೆರಳು ಇನ್ನೊಂದಕ್ಕೆ.

ಹದಿನೈದು ವರ್ಷದವರೆಗೆ ಗದ್ದೆ ಬದುವಿನಲ್ಲಿ ಬೆಳೆದ ನನ್ನ ಪಾದವೂ ಅದೇ ಕುಲದ್ದು. ಬೂಟು ಮಾಡುವವರ ಅಚ್ಚು ಮಾತ್ರ ಯಾವುದೋ ಸಪೂರ ಕಾಲಿನವನದ್ದು. ಉದ್ದಕ್ಕೆ ಸರಿಹೋದರೆ ಅಗಲಕ್ಕೆ ಬಿಗಿ, ಅಗಲಕ್ಕೆ ಸರಿಹೋದರೆ ಹಿಮ್ಮಡಿ ಒಳಗೇ ಎದ್ದು ಕೂರುತ್ತದೆ. ಕೇಳಿದರೆ ಅಂಗಡಿಯ ಹುಡುಗನದು ಒಂದೇ ಉತ್ತರ: “ಸೆಟ್ ಆಗುತ್ತೆ ಸರ್.” ಸೆಟ್ ಆಗಬೇಕಾದದ್ದು ಬೂಟೋ ಕಾಲೋ ಎಂದು ಅವನು ಬಾಯಿ ಬಿಡುವುದಿಲ್ಲ. ಒಂದು ವಾರ ಬೂಟು ಕಚ್ಚಿ, ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು, ಒಡೆದು, ಅದರ ಮೇಲೆ ಇನ್ನೊಂದು ಎದ್ದ ಮೇಲೆ ನಮಗೇ ಗೊತ್ತಾಗುತ್ತದೆ.

ಸಂಜೆ ಹೊತ್ತು ಕೊಳ್ಳಬೇಕು, ನಡೆದು ನಡೆದು ಪಾದ ಊದಿಕೊಂಡಿರುತ್ತದೆ. ಬೆಟ್ಟಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಅಂಗಡಿಗೂ ಹಾಕಿಕೊಂಡು ಹೋಗಬೇಕು. ಬೆರಳ ತುದಿಗೂ ಬೂಟಿನ ತುದಿಗೂ ನಡುವೆ ಹೆಬ್ಬೆರಳಗಲ ಜಾಗ ಇರಲೇಬೇಕು. ಈ ಕೊನೆಯದನ್ನು ತಿಳಿಯಲು ಕುಮಾರ ಪರ್ವತಕ್ಕಿಂತ ಒಳ್ಳೆಯ ಜಾಗವಿಲ್ಲ. 1712 ಮೀಟರ್ ಎತ್ತರಕ್ಕೆ ಹತ್ತುವಾಗ ಏದುಸಿರು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಹೆಬ್ಬೆರಳು ಹೋಗಿ ಬೂಟಿನ ಗೋಡೆಗೆ ಗುದ್ದುತ್ತದೆ. ಕುಕ್ಕೆ ತಲುಪುವಷ್ಟರಲ್ಲಿ ಉಗುರು ನೀಲಿ, ತಿಂಗಳಲ್ಲಿ ಕಪ್ಪು, ಆಮೇಲೊಂದು ದಿನ ಕಾಲುಚೀಲ ಬಿಚ್ಚುವಾಗ ಅದರೊಳಗೇ ಉಳಿದುಬಿಡುತ್ತದೆ. ನನ್ನ ಹೆಂಡತಿ ಅದನ್ನು ವಾಷಿಂಗ್ ಮಷೀನಿನಲ್ಲಿ ಕಂಡು, ಬಟನ್ ಇರಬೇಕೆಂದು ಎತ್ತಿಟ್ಟಿದ್ದಳು.

ಇನ್ನು ವಾಟರ್‌ಪ್ರೂಫ್ ವಿಚಾರ. 1969ರಲ್ಲಿ ಬಾಬ್ ಗೋರ್ ಎಂಬ ಅಮೆರಿಕದವರು ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಯನ್ನು ಹಿಗ್ಗಿಸಲು ಮೆಲ್ಲಗೆ ಎಳೆದು ನೋಡಿ ನೋಡಿ, ರೋಸಿಹೋಗಿ ಒಮ್ಮೆ ರಪ್ಪನೆ ಜಗ್ಗಿದರು. ಅದು ತುಂಡಾಗುವ ಬದಲು ಮಾರುದ್ದ ಹಿಗ್ಗಿತು. ಹಾಗೆ ಹುಟ್ಟಿದ, ಬೂಟಿನೊಳಗೆ ಕೂರಿಸುವ ಪೊರೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ನೀರಿನ ಹನಿ ಒಳಗೆ ಬಾರದು, ಬೆವರಿನ ಆವಿ ಹೊರಗೆ ಹೋಗುತ್ತದೆ. ಬುದ್ಧಿವಂತ ಪೊರೆ, ಸಂಶಯವಿಲ್ಲ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗೆ ಒಳಗಿಗಿಂತ ಒಣ ಇರಬೇಕು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ, ಜುಲೈ ತಿಂಗಳಲ್ಲಿ, ಆವಿ ಹೊರಗೆ ಇಣುಕಿ ನೋಡಿ ‘ಇಲ್ಲೇ ವಾಸಿ’ ಎಂದು ವಾಪಸು ಬರುತ್ತದೆ. ಜೊತೆಗೆ ಬೂಟಿಗೆ ಮೇಲುಗಡೆ ಒಂದು ದೊಡ್ಡ ತೂತಿರುತ್ತದೆ, ಕಾಲು ಹಾಕಲೆಂದು. ಪ್ಯಾಂಟಿನ ಮೇಲೆ ಇಳಿದ ಮಳೆನೀರಿಗೆ ಅದೇ ದಾರಿ. ಒಳಗೆ ಬಂದ ಮೇಲೆ ಆ ಬುದ್ಧಿವಂತ ಪೊರೆ ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲ. ನಾನು ಹಳ್ಳಕ್ಕೆ ಬಿದ್ದ ದಿನ ಹಳ್ಳದ ಸ್ವಲ್ಪ ಭಾಗವನ್ನು ಮಧ್ಯಾಹ್ನದ ಊಟದವರೆಗೂ ಕಾಲಲ್ಲೇ ಹೊತ್ತು ತಿರುಗಿದೆ. ಪ್ರತಿ ಹೆಜ್ಜೆಗೆ ‘ಪಚಕ್’.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಕಾಡಿನ ಬೂಟಿಗೆ ಬದಿಯಲ್ಲಿ ಬೇಕೆಂದೇ ತೂತು ಇಟ್ಟಿತ್ತು, ಬಂದ ನೀರು ಹೋಗಲಿ ಎಂದು. ಮಳೆಕಾಡಿನಲ್ಲಿ ಕಾಲು ಒದ್ದೆಯಾಗುವುದನ್ನು ತಡೆಯಲಾಗದು, ಬೇಗ ಒಣಗುವಂತೆ ಮಾಡಬಹುದು, ಅಷ್ಟೇ. ನಾನು ಕಂಡ ಅರಣ್ಯ ಇಲಾಖೆಯ ವಾಚರುಗಳು ಹಸಿರು ಕ್ಯಾನ್‌ವಾಸಿನ ಹಂಟರ್ ಶೂ ಹಾಕಿ ಹೊಳೆಗೆ ಧೈರ್ಯವಾಗಿ ಇಳಿದು, ಆಚೆ ದಡದಲ್ಲಿ ನಾಲ್ಕು ಸಲ ಕಾಲು ಝಾಡಿಸಿ ನಡೆದುಬಿಡುತ್ತಾರೆ. ನಾವು ಈಚೆ ದಡದಲ್ಲಿ ಕುಳಿತು ಒಂಬತ್ತು ಸಾವಿರದ ಲೇಸು ಬಿಚ್ಚುತ್ತಿರುತ್ತೇವೆ. ಆ ಹೊತ್ತಿಗೆ ಉಂಬಳಗಳು, ಅಂದರೆ ಕಾಡಿನ ಜಿಗಣೆಗಳು, ಪಂಕ್ತಿಗೆ ಬಂದು ಕುಳಿತಿರುತ್ತವೆ. ಬೂಟು ಎಷ್ಟೇ ಎತ್ತರವಿರಲಿ, ಉಂಬಳಕ್ಕೆ ಅವಸರವಿಲ್ಲ; ಹತ್ತಿ, ಕಾಲುಚೀಲದ ಅಂಚು ಹುಡುಕಿ, ಒಳಗಿಳಿಯುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ, ಅದು ಉಂಡು ಎದ್ದು ಹೋದ ಮೇಲೂ ಬಡಿಸುವುದು ನಿಲ್ಲುವುದಿಲ್ಲ. ಸುಣ್ಣ, ಹೊಗೆಸೊಪ್ಪು, ಉಪ್ಪು ಎಲ್ಲ ಸರಿ, ಮೊದಲ ಮಳೆಗೆ ತೊಳೆದುಹೋಗುತ್ತವೆ. ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ ಉಂಬಳದ ಕಾಲುಚೀಲವೇ ಮೇಲು. ಸಾಂಟಾಕ್ಲಾಸ್ ಹಾಗೆ ಕಾಣುತ್ತೀರಿ, ಇರಲಿ.

ತೋಟದ ಕೆಲಸಕ್ಕಂತೂ ಗಂಬೂಟಿಗೆ ಎದುರಿಲ್ಲ ಎಂಬುದು ದೊಡ್ಡಪ್ಪನ ಸಿದ್ಧಾಂತ, ಈಗ ನನ್ನದೂ. ಕೆಸರು ತೊಳೆದರೆ ಹೋಗುತ್ತದೆ, ಮೈಲುತುತ್ತು ಬಿದ್ದರೂ ಚಿಂತೆಯಿಲ್ಲ, ತರಗೆಲೆಯಡಿ ಹಾವಿದ್ದರೆ ಮೊಣಕಾಲ ಕೆಳಗೆ ಒಂದು ಗೋಡೆ. ಅವರ ಗಂಬೂಟು ಸದಾ ಬೇಲಿಗೂಟದ ಮೇಲೆ ತಲೆಕೆಳಗಾಗಿ ನಿಂತಿರುತ್ತದೆ. ಅಮೆರಿಕದಿಂದ ಬಂದ ಭಾವ ಒಮ್ಮೆ ಹಾಕಿದವರು ಬಿಚ್ಚಿ ನೆಟ್ಟಗೆ ಜಗಲಿಯ ಮೂಲೆಯಲ್ಲಿಟ್ಟರು. ಅವರಿಗೆ ಶಿಸ್ತು ಜಾಸ್ತಿ. ಮರುದಿನ ಬೆಳಿಗ್ಗೆ ಕಾಲು ತೂರಿಸಿದಾಗ ಒಳಗೆ ಮೆತ್ತಗೆ, ತಣ್ಣಗೆ ಏನೋ ಸಿಕ್ಕಿತು. ಕಾಲುಚೀಲ ಇರಬೇಕೆಂದು ಇನ್ನಷ್ಟು ಒತ್ತಿದರು. ಕಾಲುಚೀಲ ‘ವಟ್’ ಎಂದಿತು. ಭಾವ ಒಂಟಿ ಗಂಬೂಟಿನಲ್ಲಿ ಅಂಗಳ ದಾಟಿ, ಅಡಿಕೆ ಚಪ್ಪರ ಸುತ್ತಿ, ಕೊಟ್ಟಿಗೆಯವರೆಗೆ ಓಡಿದರು. ಕಪ್ಪೆಗೆ ಏನೂ ಆಗಿರಲಿಲ್ಲ, ಸಂಜೆ ಮತ್ತೆ ಅದೇ ಬೂಟಿನ ಹತ್ತಿರ ಬಂದು ಕೂತಿತ್ತು.

ಬೂಟು ಒಣಗಿಸುವುದು ಇನ್ನೊಂದು ಅಧ್ಯಾಯ. ಒಳಗೆ ಹಳೇ ಪೇಪರ್ ತುರುಕಿ, ಗಾಳಿಯಾಡುವಲ್ಲಿ ಇಟ್ಟು, ಪೇಪರ್ ಬದಲಿಸುತ್ತಿರಬೇಕು. ಬೆಂಕಿಯ ಹತ್ತಿರ ಒಯ್ಯಬಾರದು, ಅಂಟು ಬಿಡುತ್ತದೆ, ತೊಗಲು ಸೆಡೆತುಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ದೊಡ್ಡಮ್ಮನಿಗೆ ಗೊತ್ತಿದ್ದದ್ದು ಪ್ರೀತಿ ಮಾತ್ರ. ರಾತ್ರಿ ನಾವು ಮಲಗಿದ ಮೇಲೆ ನನ್ನ ಬೂಟನ್ನು ಬಚ್ಚಲೊಲೆಯ ಪಕ್ಕ, ಹಲಸಿನ ಕೊದಂಟಿಯ ಬೆಂಕಿಗೆ ಮುಖಮಾಡಿ ಇಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಬೂಟಿನ ಮೂತಿ ಮೇಲಕ್ಕೆ ಬಾಗಿ, ಅಟ್ಟೆ ಕೆಳಕ್ಕೆ ಬಾಯಿ ಬಿಟ್ಟಿತ್ತು. “ಎಷ್ಟು ಚೆನ್ನಾಗಿ ಒಣಗಿದೆ ನೋಡು” ಎಂದರು ದೊಡ್ಡಮ್ಮ.

ಒಲೆಯ ಹತ್ತಿರ ಸುಳಿಯದೆಯೂ ಬೂಟು ಸಾಯಬಲ್ಲದು. ಭಾವನ ಬೂಟು ಅಮೆರಿಕದ ಯೊಸೆಮಿಟಿ ಬೆಟ್ಟಗಳಿಗೆಂದು ಅಲ್ಲೇ ಕೊಂಡದ್ದು, ಆಮೇಲೆ ಡಬ್ಬದಲ್ಲಿಟ್ಟು ನಮ್ಮ ಅಟ್ಟದ ಮೇಲೆ ಜೋಪಾನ ಮಾಡಿದ್ದರು. ಅಟ್ಟೆಯ ಮೇಲಿನ ಮೆತ್ತನೆಯ ಪದರ ಪಾಲಿಯುರೆಥೇನ್; ವರ್ಷಗಟ್ಟಲೆ ತೇವದ ಗಾಳಿ ಕುಡಿದರೆ ಅದು ಒಳಗೊಳಗೇ ಪುಡಿಯಾಗುತ್ತದೆ. ದಿನಾ ಹಾಕುವ ಬೂಟಿಗಿಂತ ಡಬ್ಬದಲ್ಲಿ ಮಡಗಿದ್ದಕ್ಕೇ ಈ ಕಾಯಿಲೆ ಜಾಸ್ತಿ. ಮೇಲಿನ ಬೂಷ್ಟು ಒರೆಸಿ, ಪಾಲಿಶ್ ಹಾಕಿದಾಗ ಹೊಚ್ಚಹೊಸದರಂತೆ ಹೊಳೆಯಿತು. ಮಳೆ ಮುಗಿದ ಮೇಲೆ ಕುಮಾರ ಪರ್ವತಕ್ಕೆ ಹೊರಟೆವು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡು, ಕಲ್ಲುಮಂಟಪದ ಕಡೆ ಏರುವಾಗ ಭಾವನ ಬಲಗಾಲಿನ ಅಟ್ಟೆ ಹಿಂದೆಯೇ ಉಳಿಯಿತು. ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ, ಯಾರೋ ಕರೆದಂತಾಗಿ ತಿರುಗಿ ನೋಡಿದರು. ಎಡಗಾಲಿನದು ಅಷ್ಟರಲ್ಲಿ ಅರ್ಧ ಕಳಚಿತ್ತು. ಪಂಚೆ ಹರಿದು, ಬೂಟಿಗೆ ಬ್ಯಾಂಡೇಜು ಸುತ್ತಿ ಇಳಿಸಿದೆವು. ಎದುರಾದ ಕಾಲೇಜು ಹುಡುಗರು ಕಾಲು ಮುರಿದಿದೆ ಎಂದುಕೊಂಡು ದಾರಿ ಬಿಟ್ಟು, ನೀರು ಕೊಟ್ಟು, “ಅಂಕಲ್, ಎತ್ಕೊಳ್ಳೋಣ್ವಾ?” ಎಂದರು. ಭಾವ ಬೇಡವೆನ್ನುವ ಮೊದಲು ಸ್ವಲ್ಪ ಯೋಚಿಸಿದ್ದನ್ನು ನಾನು ಗಮನಿಸಿದೆ.

ಎರಡು ಜೊತೆಯನ್ನೂ ಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಕೂರುವ ಚಮ್ಮಾರರಲ್ಲಿ ಒಯ್ದೆ. ನನ್ನದಕ್ಕೆ ಸಲ್ಯೂಷನ್ ಹಚ್ಚಿ, ಸುತ್ತ ಹೊಲಿಗೆ ಹಾಕಿ ಆಗಲೇ ಕೊಟ್ಟರು. ಭಾವನದರಲ್ಲಿ ಬೆರಳಾಡಿಸಿ, ಉದುರಿದ ಪುಡಿಯನ್ನು ಊದಿ, “ಮೇಲಿನ ಚರ್ಮ ಇನ್ನೂ ಇಪ್ಪತ್ತು ವರ್ಷ ಬರುತ್ತೆ ಸಾರ್. ಕೆಳಗೆ ಹಿಟ್ಟು. ಹಿಟ್ಟಿಗೆ ಹೊಲಿಗೆ ಕೂರಲ್ಲ” ಎಂದರು. ನಾಳೆ ಬನ್ನಿ ಎಂದರು. ಮಾರನೇ ದಿನ ಹೋದರೆ ಅಮೆರಿಕದ ಬೂಟಿಗೆ ಲಾರಿ ಟಯರಿನ ಅಟ್ಟೆ ಕೂತಿತ್ತು, ಟಯರಿನ ಕಂಪನಿಯ ಹೆಸರಿನ ಅರ್ಧ ಅಕ್ಷರಗಳ ಸಮೇತ. ತೂಕ ಇಮ್ಮಡಿ. ಭಾವ ಮುಖ ಸಣ್ಣ ಮಾಡಿಕೊಂಡು ಅದನ್ನು ಹಾಕಿ ಜಗಲಿಯ ಮೇಲೆ ನಡೆದು ತೋರಿಸಿದರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ, ಅಟ್ಟೆಯ ಗೀರುಗಳನ್ನು ಉಗುರಿನಿಂದ ಕೆರೆದು ನೋಡಿ ಕೇಳಿದರು:

“ಇದು ಲಾರಿಯ ಮುಂದಿನ ಚಕ್ರದ್ದೋ, ಹಿಂದಿನದ್ದೋ? ಹಿಂದಿನದ್ದಾದ್ರೆ ನನಗೂ ಒಂದು ಜೊತೆ ಮಾಡ್ಸು.”