ಯುಗಾದಿಯ ಗ್ಯಾಸ್

ಹೊಸ ಪಂಚಾಂಗ ಮನೆಗೆ ಬರುವುದಕ್ಕೂ ನನ್ನ ಕಾರಿನ ಏಸಿ ಬಿಸಿಗಾಳಿ ಊದತೊಡಗುವುದಕ್ಕೂ ಕಳೆದ ನಾಲ್ಕು ವರ್ಷಗಳಿಂದ ತಪ್ಪದ ನಂಟು ಬೆಳೆದಿದೆ. 2009ರಲ್ಲಿ ನೋಂದಣಿಯಾದ ಈ ಕಾರನ್ನು ಮೈಸೂರಿನ ಯಾವ ಗ್ಯಾರೇಜಿನ ಮುಂದೆ ನಿಲ್ಲಿಸಿದರೂ ಬಾನೆಟ್ ಎತ್ತುವ ಮೊದಲೇ ರೋಗ ಪತ್ತೆಯಾಗಿರುತ್ತದೆ: “ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಿಬಿಡೋಣ.” ನಾಡಿ ಹಿಡಿಯದೆ ಮದ್ದು ಹೇಳುವ ಇಂಥ ಧನ್ವಂತರಿಗಳು ನಮ್ಮ ಊರಿನ ಪ್ರತಿ ಅಡ್ಡರಸ್ತೆಯಲ್ಲಿಯೂ ಇರುವುದು ನಮ್ಮ ಪುಣ್ಯ.

“ಖಾಲಿಯಾಗಿದೆ” ಎಂಬ ಆ ಕ್ರಿಯಾಪದದ ಸೊಗಸನ್ನು ಗಮನಿಸಬೇಕು. ಡಬ್ಬದ ಸಕ್ಕರೆ ಖಾಲಿಯಾದಂತೆ, ಯಾರ ತಪ್ಪೂ ಇಲ್ಲದೆ, ದೈವೇಚ್ಛೆಯಿಂದಲೋ ಎಂಬಂತೆ ಗ್ಯಾಸ್ ತಾನೇ ಮುಗಿದುಹೋಗಿದೆ. ಆದರೆ ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಹೋಗುವ ವಸ್ತುವಲ್ಲ. ಕಂಪ್ರೆಸರ್ ಒತ್ತಿ ಬಿಸಿಯಾಗಿಸಿದ ಅನಿಲವು ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ; ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್ ದಾಟಿ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ಗೆ ಬಂದು, ನಮ್ಮ ಸೆಕೆಯನ್ನು ಹೀರಿ ಮತ್ತೆ ಅನಿಲವಾಗಿ, ಹೊರಟಲ್ಲಿಗೇ ಮರಳುತ್ತದೆ. ತುಂಬಿದ ಅರ್ಧ ಕಿಲೋ ಅರ್ಧ ಕಿಲೋವಾಗಿಯೇ ಸುತ್ತುತ್ತಿರಬೇಕು. ಮನೆಯ ಫ್ರಿಜ್ ಮಾಡುವುದೂ ಇದೇ ಕೆಲಸವನ್ನು; ಯುಗಾದಿಗೊಮ್ಮೆ ಫ್ರಿಜ್ಜಿಗೆ ಗ್ಯಾಸ್ ತುಂಬಿಸಿದವರನ್ನು ನಾನಂತೂ ಕಂಡಿಲ್ಲ. ಕಾರಿನಲ್ಲಿ ರಬ್ಬರ್ ಹೋಸ್‌ಗಳಿವೆ, ಕುಲುಕಾಟವಿದೆ, ವರ್ಷಕ್ಕೆ ಕೊಂಚ ಸೋರಬಹುದು ಎಂಬುದನ್ನು ಒಪ್ಪುತ್ತೇನೆ. ಚೈತ್ರದಲ್ಲಿ ತುಂಬಿಸಿದ್ದು ಆಷಾಢಕ್ಕೆ ಇಲ್ಲವಾದರೆ ಅದು ಕೊಂಚವಲ್ಲ, ತೂತು.

ಈ ವ್ಯಾಪಾರದ ಗುಟ್ಟು ಇರುವುದೂ ಆ ಆಷಾಢದಲ್ಲಿಯೇ. ಚಾಮುಂಡಿ ಬೆಟ್ಟದ ಕಡೆಯಿಂದ ತಂಗಾಳಿ ಬೀಸುವ ಆ ತಿಂಗಳಿನಲ್ಲಿ ಏಸಿ ಸತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಮುಂದಿನ ಮಾರ್ಚಿನಲ್ಲಿ, ಮಂಡ್ಯದ ಬಿಸಿಲಿನಲ್ಲಿ ಬೆವರುವಾಗ, ಕಳೆದ ಬಾರಿ ಕೊಟ್ಟ ಎರಡು ಸಾವಿರ ರೂಪಾಯಿಯ ನೆನಪೂ ಮಾಸಿರುತ್ತದೆ. ದಸರೆಗೆ ಮುಂಚೆ ಮುಚ್ಚಿದ ರಸ್ತೆಗುಂಡಿಯು ಸಂಕ್ರಾಂತಿಯ ಹೊತ್ತಿಗೆ ಬಾಯ್ದೆರೆದರೂ ನಾವು ಮುಂದಿನ ದಸರೆಯವರೆಗೆ ಕಾಯುವುದಿಲ್ಲವೇ? ಗುಂಡಿ ಏಕೆ ಬೀಳುತ್ತದೆ, ಅದರಡಿಯಲ್ಲಿ ಯಾವ ನೀರಿನ ಪೈಪು ಒಡೆದಿದೆ ಎಂದು ಕೇಳುವುದು ಹಬ್ಬದ ಸಂಭ್ರಮಕ್ಕೆ ತಕ್ಕುದಲ್ಲ.

ಸರ್ಕಾರವೂ ನನ್ನ ಕಾರಿನ ಆರೋಗ್ಯದ ಬಗ್ಗೆ ಕಾಳಜಿ ವಹಿಸದೆ ಇಲ್ಲ. ಆರು ತಿಂಗಳಿಗೊಮ್ಮೆ ಅದರ ಹಿಂಭಾಗದ ಕೊಳವೆಗೆ ಕಡ್ಡಿ ತೂರಿಸಿ ಹೊಗೆ ಪರೀಕ್ಷೆ ನಡೆಯುತ್ತದೆ. ಹದಿನೈದು ವರ್ಷ ತುಂಬಿದಾಗ ಐದು ಸಾವಿರ ರೂಪಾಯಿ ಶುಲ್ಕದೊಂದಿಗೆ ಹಸಿರು ತೆರಿಗೆಯನ್ನೂ ಕಟ್ಟಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಗುರುತನ್ನು ಒಪ್ಪಿಸಿ, ಇನ್ನೈದು ವರ್ಷದ ಆಯುಸ್ಸನ್ನು ಪಡೆದುಬಂದೆ. ಮುಂಭಾಗದಿಂದ ಏನು ಸೋರುತ್ತಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಗ್ಯಾಸಿನ ಹೆಸರು ಆರ್-134ಎ. ಓಜೋನ್ ಪದರಕ್ಕೆ ಹಾನಿ ಮಾಡುತ್ತಿದ್ದ ಹಳೆಯ ಆರ್-12ರ ಜಾಗಕ್ಕೆ ಬಂದದ್ದು. ಇದು ಓಜೋನಿನ ತಂಟೆಗೆ ಹೋಗದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ನಾಲ್ಕು ಬಾರಿ ಅರ್ಧರ್ಧ ಕಿಲೋ ಎಂದರೆ, ಸಾವಿರದ ಇನ್ನೂರು ಲೀಟರ್ ಪೆಟ್ರೋಲ್ ಸುಟ್ಟಷ್ಟು ಬಿಸಿಯನ್ನು ನಾನು ತಣ್ಣಗಿರುವ ಆಸೆಯಿಂದ ಜಗತ್ತಿಗೆ ದಾನ ಮಾಡಿದ್ದೇನೆ. ಹಸಿರು ತೆರಿಗೆ ಕಟ್ಟಿದ ರಸೀದಿ ನನ್ನ ಬಳಿ ಭದ್ರವಾಗಿದೆ.

ಈ ವರ್ಷ ಮತ್ತೆ ಅದೇ ಮಾತು ಕಿವಿಗೆ ಬಿದ್ದಾಗ, “ತೂತೆಲ್ಲಿದೆ ನೋಡಪ್ಪಾ” ಎಂದೆ. ಹುಡುಗ ನನ್ನನ್ನು ಕನಿಕರದಿಂದ ನೋಡಿ, “ಹಳೇ ಗಾಡಿ ಅಲ್ವಾ ಸಾರ್” ಎಂದ. ದೊಡ್ಡ ವರ್ಕ್‌ಶಾಪಿನವರು ಇನ್ನೂ ವಿಶಾಲ ಹೃದಯದವರು. ಅವರೂ ತೂತನ್ನು ಹುಡುಕಲಿಲ್ಲ, ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್ ಎಲ್ಲವನ್ನೂ ಬದಲಿಸಿದರೆ ಅವುಗಳ ಜೊತೆಗೆ ತೂತೂ ಹೋಗಿಯೇ ಹೋಗುತ್ತದೆ ಎಂಬ ತರ್ಕದ ಮೇಲೆ ನಲವತ್ತೆಂಟು ಸಾವಿರದ ಎಸ್ಟಿಮೇಟ್ ಕೊಟ್ಟರು.

ನನಗೆ ನಿಜವಾಗಿಯೂ ಸಾಕಾಗಿದೆ. ಪೈಪಿಗೆ ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಗೆ ಬಿಲ್ಲಿನಲ್ಲಿ ಒಂದು ಸಾಲಿಲ್ಲ, ಗ್ಯಾಸಿಗೆ ಇದೆ. ಅದಕ್ಕಾಗಿ ನೋಡುವುದಿಲ್ಲ, ಅಷ್ಟೇ. ಕಂಪ್ರೆಸರಿನ ಎಣ್ಣೆಯೂ ಗ್ಯಾಸಿನ ಜೊತೆಯಲ್ಲೇ ಸುತ್ತುವುದರಿಂದ ಸೋರಿದಾಗ ಅದೂ ಸೋರುತ್ತದೆ, ವರ್ಷ ವರ್ಷ ಹೀಗೇ ಬಿಟ್ಟರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ, ಆಗ ನಲವತ್ತೆಂಟು ಸಾವಿರದ ಎಸ್ಟಿಮೇಟು ನಿಜವೇ ಆಗುತ್ತದೆ. ಇದು ಗ್ಯಾಸ್ ತುಂಬುವವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ನಾಲ್ಕು ವರ್ಷ ತಲೆಯಾಡಿಸಿ ದುಡ್ಡು ಕೊಟ್ಟ ನನ್ನ ಬುದ್ಧಿಗೂ ಮಂಗಳಾರತಿಯಾಗಬೇಕು.

ಕೊನೆಗೆ ನಾನೇ ಟಾರ್ಚ್ ಹಿಡಿದು ಗ್ರಿಲ್ಲಿನೊಳಗೆ ಇಣುಕಿದೆ. ಕಂಡೆನ್ಸರಿನ ಕೆಳಮೂಲೆಯಲ್ಲಿ, ಅಂಗೈಯಗಲದಷ್ಟು ಜಾಗದಲ್ಲಿ, ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡು ಕಪ್ಪಾಗಿತ್ತು. ಗ್ಯಾರೇಜಿನಲ್ಲಿ ನೈಟ್ರೋಜನ್ ತುಂಬಿಸಿ ಸೋಪಿನ ನೊರೆ ಹಚ್ಚಿಸಿದಾಗ ಅಲ್ಲಿಯೇ ಗುಳ್ಳೆ ಎದ್ದಿತು. ಕಂಡೆನ್ಸರ್, ಅದರ ಜೊತೆಗೆ ತೇವ ಹೀರುವ ಡ್ರೈಯರ್, ಜಾಯಿಂಟಿನ ಎರಡು ರಬ್ಬರ್ ಓ-ರಿಂಗ್ ಹೊಸದಾದವು. ಅರ್ಧ ಗಂಟೆಗೂ ಹೆಚ್ಚು ಕಾಲ ವ್ಯಾಕ್ಯೂಮ್ ಪಂಪ್ ಓಡಿಸಿ ಒಳಗಿನ ಗಾಳಿ ಮತ್ತು ತೇವವನ್ನು ಎಳೆಸಿದ ಮೇಲೆ, ಗ್ಯಾಸನ್ನು ತೂಕ ಮಾಡಿಯೇ ತುಂಬಿಸುವಂತೆ ಪಕ್ಕದಲ್ಲಿ ನಿಂತು ನೋಡಿಕೊಂಡೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನನ್ನ ಹೆಂಡತಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಈ ಕಾರಿನಲ್ಲಿ, ಏಸಿ ಕಡಿಮೆ ಮಾಡಲು ಹೇಳಿದಳು.

ಮನೆಗೆ ಬಂದು ನೋಡಿದರೆ ವಿಂಡ್‌ಶೀಲ್ಡಿನ ಮೂಲೆಯಲ್ಲಿ ಒಂದು ಸ್ಟಿಕ್ಕರ್ ಇತ್ತು: “ಮುಂದಿನ ಗ್ಯಾಸ್: ಏಪ್ರಿಲ್ 2026.” ಗ್ಯಾರೇಜಿಗೆ ಫೋನ್ ಮಾಡಿ ಇದೇನಪ್ಪಾ ಎಂದು ಕೇಳಿದೆ.

“ಎಲ್ಲಾ ಗಾಡಿಗೂ ಅಂಟಿಸ್ತೀವಿ ಸಾರ್.”